ತಲೆಯೊಳಗಿನ ಹೊಳೆ

ಸಾಗರದ ಬಸ್ಸು ಶರಾವತಿ ಹಿನ್ನೀರಿನ ಹೊಸ ಸೇತುವೆ ಹತ್ತಿತು. ಆಚೆ ದಡದಲ್ಲಿ ಅಕ್ಕನ ಮನೆ. ಸೇತುವೆ ಇಲ್ಲದಿದ್ದಾಗ ಲಾಂಚಿನಲ್ಲಿ ದಾಟಬೇಕಿತ್ತು. ಅವಳು ಹಬ್ಬಕ್ಕೆ ಕರೆದಾಗಲೆಲ್ಲ ಮನೆಯಿಂದ ಹೊರಡದೆಯೇ "ಲಾಂಚ್ ತಪ್ತು ಅಕ್ಕ" ಎಂದು ಫೋನಿನಲ್ಲಿ ಸುಳ್ಳು ಹೇಳುತ್ತಿದ್ದವನು ನಾನು. ಇವತ್ತು ತಪ್ಪೊಪ್ಪಿಕೊಳ್ಳಲು ಹೊರಟಿದ್ದೆ. ನನ್ನ ತಲೆಯಲ್ಲಿ ಆ ದಡ ಇನ್ನೂ ಅರ್ಧ ದಿನದಷ್ಟು ದೂರವಿತ್ತು. ಹೊಳೆ ದಾಟುವಾಗ ಮಾತು ಜೋಡಿಸಿಕೊಂಡರಾಯಿತು ಎಂದುಕೊಂಡಿದ್ದೆ. ಬಾಯಲ್ಲಿಟ್ಟ ಎಲೆಯಡಿಕೆ ಕೆಂಪಾಗುವ ಮೊದಲೇ ಕಂಡಕ್ಟರ್ ಇಳಿಸಿದರು.

ಸೇತುವೆ ತುದಿಯ ನಿಲ್ದಾಣಕ್ಕೆ ಬರುತ್ತೇನೆಂದಿದ್ದ ಅಕ್ಕ ಅಲ್ಲಿರಲಿಲ್ಲ. ಸಿಟ್ಟಾಗಿದ್ದಾಳೆಂದು ಹೆದರಿ ಫೋನ್ ಮಾಡಿದೆ.

"ಎಲ್ಲಿದ್ದೀಯೋ? ನಾ ಆಗ್ಲೇ ಬಂದು ಕಾಯ್ತಿದ್ದೀನಿ."

"ಎಲ್ಲಿ ಅಕ್ಕ?"

"ಲಾಂಚ್ ನಿಲ್ಲೋ ಕಡೆ!"

ಬಗ್ಗಿ ನೋಡಿದೆ. ಕೆಳಗೆ, ಖಾಲಿ ದಡದಲ್ಲಿ, ಕೊಡೆ ಹಿಡಿದು ನೀರನ್ನೇ ನೋಡುತ್ತ ನಿಂತಿದ್ದಳು. ಅವಳ ತಲೆಯಲ್ಲೂ ಹೊಳೆ ಹಾಗೇ ಇತ್ತು.

"ನಾನು ಸೇತುವೆ ಮೇಲೆ ದಾಟಿ ಬಂದೆ ಅಕ್ಕ, ಹಿಂದೆ ನೋಡು."

ತಿರುಗಿದವಳು ಹೊಟ್ಟೆ ಹಿಡಿದು ನಕ್ಕಳು. "ಅಯ್ಯೋ ಮಾರಾಯ, ಕಾಲು ತಾನಾಗೇ ಇಲ್ಲಿಗೆ ಬಂತು! ತಡಿ, ಹತ್ತಿ ಬರ್ತೀನಿ."

"ಬೇಡ, ಅಲ್ಲೇ ಇರು. ಅಕ್ಕ, ನಂಗೆ ಒಂದು ಸಲಾನೂ ಲಾಂಚ್ ತಪ್ಪಿರ್ಲಿಲ್ಲ."

"ಗೊತ್ತಿತ್ತು ಬಿಡೋ. ನಿನ್ ಫೋನಲ್ಲಿ ಹೊಳೆ ಗಾಳಿ ಸದ್ದೇ ಇರ್ತಿರ್ಲಿಲ್ಲ."

ಚಪ್ಪಲಿ ಕೈಗೆ ತೆಗೆದುಕೊಂಡು ದಡಕ್ಕೆ ಓಡಿದೆ.