ಅರ್ಧರೇಟಕ್ಕನ ಲಾ ಕಾಲೇಜು ಅರ್ಜಿ

ನಮ್ಮ ಸೊಸೆಗೆ ಬೀದಿಯವರು ಇಟ್ಟಿರೋ ಹೆಸರು ಅರ್ಧರೇಟಕ್ಕ. ಸುಮ್ಮನೆ ಇಟ್ಟಿದ್ದಲ್ಲ. ಅವಳು ತರಕಾರಿ ಗಾಡಿ ಹತ್ರ ನಿಂತ್ರೆ ಸಾಕು, ಬದನೆಕಾಯಿಗಳು ತಾವಾಗೇ ಅರ್ಧ ಬೆಲೆಗೆ ಇಳಿದು ಅವಳ ಚೀಲ ಹತ್ತುತ್ವೆ. ಒಂದ್ಸಲ ಹಲ್ಲಿನ ಡಾಕ್ಟರ ಹತ್ರ ಚೌಕಾಸಿ ಮಾಡಿ, ಒಂದು ಹಲ್ಲಿನ ದುಡ್ಡಲ್ಲಿ ನನ್ನ ಎರಡು ಹಲ್ಲು ಕೀಳಿಸಿದ್ಳು. ಎರಡನೇದು ಗಟ್ಟಿಯಾಗೇ ಇತ್ತು. ನಂಬದಿದ್ರೆ ಬಾಯಿ ತೆಗೆದು ತೋರಿಸ್ತೀನಿ.

ಹೊಟ್ಟೆಪಾಡಿಗೆ ಸೋಫಾ ಕವರ್ ಹೊಲೀತಾಳೆ. ನಮ್ಮ ಮುಂದಿನ ಕೋಣೇಲಿ ಯಾವಾಗ್ಲೂ ಯಾರದ್ದೋ ಬೆತ್ತಲೆ ಸೋಫಾ ಇರತ್ತೆ, ನಮಗೆ ಕೂರೋಕೆ ಮಾತ್ರ ಸ್ಟೂಲು. ಅವಳ ಮಿಷನ್ ಓಡೋ ರಭಸಕ್ಕೆ ಗೋಡೆ ಗಡಿಯಾರ ಹೆದರಿ ಹತ್ತು ನಿಮಿಷ ಮುಂದೆ ಓಡತ್ತೆ.

ಹೋದ ವರ್ಷ ಪಕ್ಕದ ಮನೆಯವಳನ್ನ ಓನರು ಸಾಮಾನು ಸಮೇತ ಬೀದಿಗೆ ಹಾಕೋಕೆ ಬಂದ. ಇವಳು ಅಡ್ಡ ನಿಂತು, ಮಾತಿಗೆ ಮಾತು ಕೊಟ್ಟು ಎರಡು ದಿನ ಟೈಮು ಗಿಟ್ಟಿಸಿದ್ಳು. ಎಲ್ಲರೂ ಭೇಷ್ ಅಂದ್ರು. ಇವಳು ಮಾತ್ರ ಅವತ್ತು ಊಟ ಬಿಟ್ಳು.

"ಮಾವ, ಚೌಕಾಸಿ ಗೊತ್ತಿತ್ತು, ಎರಡು ದಿನ ಸಿಕ್ತು. ಕಾನೂನು ಗೊತ್ತಿದ್ದಿದ್ರೆ ಮನೇನೇ ಉಳೀತಿತ್ತೇನೋ."

ಲಾ ಓದ್ತೀನಿ ಅಂತ ಹಟ ಹಿಡಿದಿದ್ದು ಅವತ್ತೇ. ಮದುವೆಗೆ ಮುಂಚಿನ ಡಿಗ್ರಿ ಪೆಟ್ಟಿಗೆ ತಳದಲ್ಲಿತ್ತು, ಕೊಡವಿ ತೆಗೆದ್ಳು.

ಈ ಕಾಲೇಜುಗಳೋ, ಬಾಗಿಲು ತಟ್ಟೋಕೇ ದುಡ್ಡು ಕೇಳ್ತಾವೆ! ಅದಕ್ಕೆ ಅರ್ಜಿ ಶುಲ್ಕ ಅಂತ ಹೆಸರು. ಸಂಜೆ ಕ್ಲಾಸು ಇದ್ದಿದ್ದು ಒಂದೇ ಕಾಲೇಜಲ್ಲಿ. ಹಗಲು ಹೊಲಿಯೋಳಿಗೆ ಅದು ಬಿಟ್ರೆ ಬೇರೆ ಗತಿಯಿಲ್ಲ. ಅದರ ಶುಲ್ಕ ಕೇಳಿ ನನ್ನ ಮಿಕ್ಕ ಹಲ್ಲೂ ಅಲ್ಲಾಡಿದ್ವು. ನಾವು ಶುಲ್ಕ ನೋಡಿದ ದಿನವೇ ಅರ್ಜಿಗೆ ಕೊನೇ ದಿನ.

"ಬಿಡಿ ಮಾವ, ನಮ್ಮಂಥೋರಿಗಲ್ಲ ಇದು" ಅಂತ ಮೊಬೈಲು ಮಗುಚಿ ಇಟ್ಳು.

ನಾನು ಸ್ಟೂಲಿಂದ ಬಿದ್ದೇ ಹೋಗ್ತಿದ್ದೆ. "ಏನಂದೆ? ಹೇಳಿದ ರೇಟಿಗೆ ನೀನು ಸುಮ್ಮನಾದ್ಯಾ? ಜ್ವರ ಗಿರ ಬಂದಿದ್ಯೇನಮ್ಮಾ?"

"ಅದು ಕಾಲೇಜು ಮಾವ, ಬದನೆಕಾಯಲ್ಲ."

"ಒಂದು ಫೋನ್ ಮಾಡು. ಬೈದ್ರೆ ನನಗೆ ಕೊಡು, ನಾನು ಬೈಸ್ಕೋತೀನಿ."

ಮಾಡಿದ್ಳು. ಕಾಲೇಜಿನ ಮೇಡಂ ಎತ್ಕೊಂಡ್ರು. "ಮೇಡಂ, ಶುಲ್ಕದಲ್ಲಿ ಸ್ವಲ್ಪ..." ಅನ್ನೋಷ್ಟರಲ್ಲೇ, "ಕಟ್ಟೋಕೆ ಕಷ್ಟನಾ? ಆದಾಯ ಎಷ್ಟು ಅಂತ ಬರೆದು ಕಳಿಸಿ, ಪೂರ್ತಿ ಮಾಫಿ" ಅಂದ್ರು.

ಸೊಸೆ ಫೋನ್ ಕಟ್ ಮಾಡೇಬಿಟ್ಳು!

"ಯಾಕಮ್ಮಾ?"

"ಮಾವ, ಒಂದೇ ಮಾತಿಗೆ ಪೂರ್ತಿ ಬಿಟ್ರು! ಹಂಗೆ ಬಿಡ್ತಾರೆ ಅಂದ್ರೆ ಮಾಲು ಕೊಳೆತಿರ್ಬೇಕು. ಇಂಥ ಕಾಲೇಜು ನಂಗೆ ಬೇಡ."

ನಾನು ಬಾಯಿ ತೆಗೆದೋನು ಮುಚ್ಚಲೇ ಇಲ್ಲ. ಗುಬ್ಬಿ ಗೂಡು ಕಟ್ಟೋಷ್ಟು ಹೊತ್ತು ಹಂಗೇ ಇದ್ದೆ. ಅಷ್ಟರಲ್ಲಿ ಮೇಡಮ್ಮೇ ವಾಪಸ್ ಫೋನ್ ಮಾಡಿದ್ರು. ಇವಳು ನೇರವಾಗಿ ಕೇಳಿದ್ಳು: "ಅಷ್ಟು ಸಲೀಸಾಗಿ ಯಾಕೆ ಬಿಟ್ರಿ?"

"ಕಟ್ಟೋಕಾಗದೋರಿಗೆ ಅಂತಲೇ ಮಾಫಿ ಇರೋದಮ್ಮ. ಆದ್ರೆ ಕೇಳೋರೇ ಇಲ್ಲ. ಶುಲ್ಕ ನೋಡಿ ಹಂಗೇ ಹೋಗ್ಬಿಡ್ತಾರೆ."

"ಹೋಗ್ಬಿಡ್ತಾರಾ?" ಇವಳು ಎದ್ದು ನಿಂತ್ಳು. "ಮತ್ತೆ ಅದನ್ನ ಶುಲ್ಕದ ಪಕ್ಕದಲ್ಲೇ ದಪ್ಪಕ್ಷರದಲ್ಲಿ ಬರೀಬಾರ್ದಾ? ಓದಬೇಕಾದೋರು ಎಷ್ಟು ಜನ ವಾಪಸ್ ಹೋದ್ರೋ! ಇದ್ಯಾವ ನ್ಯಾಯ ಮೇಡಂ?"

ಆ ಕಡೆ ನಗು ಕೇಳಿಸ್ತು. "ಮೊದಲು ಅರ್ಜಿ ಹಾಕಮ್ಮ. ಈ ಜಗಳ ಇಲ್ಲಿಗೇ ಬಂದು ಆಡು."

ಆದಾಯ ಬರೆದು ಅರ್ಜಿ ಹಾಕಿದ್ಳು, ಇನ್ನೂ ಬುಸುಗುಡ್ತಾನೇ. ಕಟ್ಟಬೇಕಾದ ಹಣ ಸೊನ್ನೆ ಅಂತ ಮೊಬೈಲು ತೋರಿಸ್ತು. ಅದನ್ನೇ ನೋಡ್ತಾ ಕೂತಳು. ಆಮೇಲೆ ಮೆಲ್ಲಗೆ ಕೇಳಿದ್ಳು:

"ಮಾವ, ಇದ್ರಲ್ಲಿ ಅರ್ಧ ಎಷ್ಟಾಗತ್ತೆ?"