ಅಕ್ಕ ಪಾಲು ಕೇಳಿದಾಗ

ನನ್ನ ಅಕ್ಕನನ್ನು ಪಿರಿಯಾಪಟ್ಟಣದ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಗಂಡ ಚಳಿಜ್ವರದಲ್ಲಿ ತೀರಿಕೊಂಡು ತಿಂಗಳಾಗುವುದರೊಳಗೆ ಅವನ ಅಣ್ಣ ಅವಳನ್ನು ಮನೆಯಿಂದ ಹೊರಹಾಕಿದ. ಮಕ್ಕಳಿರಲಿಲ್ಲ. ಬಟ್ಟೆಗಂಟು ಹೊತ್ತು ಹುಣಸೂರಿನ ಪಕ್ಕದ ನಮ್ಮ ಮನೆಗೆ ಬಂದಳು.

ಆಗ ನಾನು ಊರವರಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ. ಒಂದು ದಿನ, ನಮ್ಮ ಕಡೆಯ ಸದಸ್ಯರೊಬ್ಬರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಮಾಡಿದ ಭಾಷಣ ಅಚ್ಚಾಗಿತ್ತು. ಗಂಡ ಸತ್ತವಳಿಗೂ ಆ ಮನೆಯ ಹೊಲದಲ್ಲಿ ಹಕ್ಕು ಸಿಗುವಂತೆ ಕಾನೂನು ಬರಬೇಕು, ಅವಳನ್ನು ಬರಿಗೈಯಲ್ಲಿ ಕಳಿಸುವುದು ಅಧರ್ಮ ಎಂದಿದ್ದರು. ಅಕ್ಕ ಅದನ್ನು ಮೂರು ಸಲ ಓದಿಸಿದಳು. ಮಾರನೆಯ ಬೆಳಿಗ್ಗೆಯೇ ಕಂಪಲಾಪುರದ ಆಚೆಗಿದ್ದ ಆ ಸದಸ್ಯರ ಮನೆಗೆ ಇಬ್ಬರೂ ನಡೆದು ಹೋದೆವು.

ಸದಸ್ಯರು ಆದರದಿಂದಲೇ ಕೂರಿಸಿದರು. ಅಕ್ಕನನ್ನು ಹೊರಹಾಕಿದವನು ಯಾರೆಂದು ತಿಳಿದಾಗ ಮಾತ್ರ ಮುಖ ತಗ್ಗಿಸಿದರು. "ಅವ್ನು ನಂಗೆ ಬೇಕಾದೋನು ಕಣಮ್ಮ. ಕಾನೂನು ಬರ್ಲಿ, ಆಮೇಕೆ ನೋಡಾನ."

"ಕಾನೂನು ಕೇಳಕ್ಕೆ ಬರ್ನಿಲ್ಲ ಯಜಮಾನ್ರೇ," ಎಂದಳು ಅಕ್ಕ. "ಅಧರ್ಮ ಅಂದ್ರಲ್ಲ, ಆ ಮಾತ ಅವ್ನ ಮುಂದೂ ಒಂದ್ಸಲ ಅನ್ನಿ. ಸಾಕು."

"ಸಭೆ ಮಾತೇ ಬ್ಯಾರೆ, ಊರ್ ಮಾತೇ ಬ್ಯಾರೆ," ಎಂದು ಅವರು ಎದ್ದರು.

ದಾರಿಯುದ್ದಕ್ಕೂ ಅವರನ್ನು ಬೈದೆ. ತನಗೆ ಬೇಕಾದವನೆದುರು ಆಡಲಾರದ್ದನ್ನು ಊರಿಗೆಲ್ಲ ಹೇಳುವವನದು ಎಂಥ ಧರ್ಮ ಎಂದೆ. ಊರು ಇನ್ನೂ ಒಂದು ಹರದಾರಿ ದೂರ ಇರುವಾಗ ಅಕ್ಕ ನಿಂತಳು.

"ಅವ್ರು ಅಂಗಿರ್ಲಿ ಬುಡು. ಅಪ್ಪನ ಹೊಲ್ದಲ್ಲಿ ನೀನು ನಂಗೊಂದು ತುಂಡು ಕೊಟ್ಟೀಯಾ?"

ನನಗೆ ಇಬ್ಬರು ಗಂಡುಮಕ್ಕಳು. "ಮನೇಲಿ ಕೇಳ್ಬೇಕು ಕಣಕ್ಕ," ಎಂದೆ. ಕೇಳುವುದಕ್ಕೆ ಹಿರಿಯರು ಯಾರೂ ಇರಲಿಲ್ಲ. ಹೊಲ ನನ್ನ ಹೆಸರಿನಲ್ಲೇ ಇತ್ತು. ಅದು ಅವಳಿಗೂ ಗೊತ್ತಿತ್ತು.

ಮತ್ತೆ ಅವಳು ಕೇಳಲಿಲ್ಲ. ಆ ವರ್ಷದ ಕಾಫಿ ಕೊಯ್ಲಿಗೆ ಕೊಡಗಿನ ತೋಟದ ಆಳುಗಳ ಜೊತೆ ಹೊರಟಳು. ಕೈ ಹಿಡಿದು ತಡೆದೆ, ಕಣ್ಣೀರು ಹಾಕಿದೆ. ಆದರೆ ಕೊಡುತ್ತೇನೆ ಎಂಬ ಒಂದು ಮಾತು ಬಾಯಿಂದ ಹೊರಡಲಿಲ್ಲ. ಎರಡನೆಯ ಮಳೆಗಾಲದಲ್ಲಿ, ಅಲ್ಲೇ ಉಳಿದಿದ್ದ ಅವಳಿಗೂ ಜ್ವರ ಬಂತು. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು. ಜೊತೆಗಿದ್ದ ಆಳೊಬ್ಬಳು, "ನಮ್ ತಮ್ಮ ಬಂದು ಕರ್ಕೊಂಡೋಯ್ತಾನೆ ಅಂತಿದ್ಲು," ಎಂದಳು.

ಆ ಸದಸ್ಯರನ್ನು ಈಗಲೂ ಕೆಲವರು ಹೊಗಳುತ್ತಾರೆ, ಕೆಲವರು ಬೂಟಾಟಿಕೆಯವರು ಎನ್ನುತ್ತಾರೆ. ಅವರ ಮಾತು ಸರಿಯಾಗಿಯೇ ಇತ್ತು. ಆಡಿದ ಅವರೂ ಅದರಂತೆ ನಿಲ್ಲಲಿಲ್ಲ, ಓದಿ ಹೇಳಿದ ನಾನೂ ನಿಲ್ಲಲಿಲ್ಲ. ನಂಬಿದವಳು ಅಕ್ಕ ಒಬ್ಬಳೇ.