ಔರಾದದಿಂದ ಬಂದ ಬಾಳೆಮರಿ

ಬೀದರದ ಕೊಳಾರದಲ್ಲಿರುವ ಅಂಗಾಂಶ ಕೃಷಿ ಪ್ರಯೋಗಾಲಯವೊಂದರಲ್ಲಿ ನನಗೆ ಕೆಲಸ. ಬಾಳೆಯ ತುದಿಮೊಗ್ಗನ್ನು ಉಗುರಿನಷ್ಟು ಸಣ್ಣಗೆ ಕತ್ತರಿಸಿ ಬಾಟಲಿಯೊಳಗಿನ ಜೆಲ್ಲಿಯ ಮೇಲೆ ಕೂರಿಸುತ್ತೇವೆ. ಅಲ್ಲೇ ಅದು ಚಿಗುರುತ್ತದೆ. ಚಿಗುರನ್ನು ಬಿಡಿಸಿ ಬೇರೆ ಬಾಟಲಿಗೆ ಹಾಕಿದರೆ ಮತ್ತೆ ಚಿಗುರುತ್ತದೆ. ಹೀಗೆ ಒಂದೇ ಗಿಡದಿಂದ ಇಡೀ ಹೊಲಕ್ಕಾಗುವಷ್ಟು ಸಸಿ. ನನ್ನ ತವರು ಭಾಲ್ಕಿಯ ಕಡೆ ಕೆಲವರು ಅವನ್ನು ಹಚ್ಚಿದ್ದರು. ಗೊನೆಗಳೆಲ್ಲ ಒಂದೇ ಸಲಕ್ಕೆ ಕೊಯ್ಲಿಗೆ ಬಂದಾಗ ಅಪ್ಪ ತಾನೇ ಬೆಳೆದವನಂತೆ ಊರ ತುಂಬ ಹೇಳಿಕೊಂಡು ತಿರುಗಿದ.

ಆ ಸುದ್ದಿ ಔರಾದದ ನನ್ನ ಸೋದರತ್ತೆಯನ್ನೂ ಮುಟ್ಟಿತು.

ಅತ್ತೆಯ ಬಾವಿಯ ಬದಿಗೆ ಸಣ್ಣ ಕಾಯಿಯ, ತೆಳು ಸಿಪ್ಪೆಯ ಬಾಳೆ ಇತ್ತು. ಮದುವೆಯಾದ ವರ್ಷ ಮಾಮ ಗಡಿಯಾಚೆಯ ಯಾವುದೋ ಹಳ್ಳಿಯಿಂದ ಮರಿ ತಂದು ಹಚ್ಚಿದ್ದರಂತೆ. ನಮ್ಮ ಮನೆತನದ ಕೂಸುಗಳು ಮೊದಲು ತಿಂದ ಹಣ್ಣು ಅದೇ. ಅಂಥ ಹಣ್ಣು ನಾನು ಬೇರೆಲ್ಲೂ ಕಂಡಿಲ್ಲ. ಮಾಮ ತೀರಿಕೊಂಡ ಮೇಲೆ ಆ ಗಿಡಗಳಿಗೆ ನಂಜುರೋಗ ತಗಲಿತು. ಎಲೆಗಳು ಸಣ್ಣಗಾಗಿ ತುದಿಯಲ್ಲಿ ಕಸಬರಿಗೆಯಂತೆ ಗುಂಪುಗೂಡಿದವು. ಗೊನೆ ಹೊರಬರಲಿಲ್ಲ.

ಒಂದು ಮುಂಜಾನೆ ಅತ್ತೆ ಒದ್ದೆ ಚೀಲ ಹಿಡಿದು ಬೀದರದ ನೌಬಾದದಲ್ಲಿರುವ ನಮ್ಮ ಮನೆಗೆ ಬಂದರು. ಒಳಗೊಂದು ಬಾಳೆಮರಿ.

"ಇದೊಂದೇ ಚೊಕ್ಕ ಅದ ನೋಡವ್ವ. ಮಿಕ್ಕಿದ್ದೆಲ್ಲಾ ಖರಾಬ್ ಆಗ್ಯಾವ. ನಿಮ್ಮ ಬಾಟ್ಲ್ಯಾಗ ಹಾಕಿ ಉಳಿಸು."

"ಒಳಗ ನಂಜು ಇದ್ರ ಅಲ್ಲೂ ಅದೇ ಬೆಳೀತದ್ರಿ ಅತ್ತಿ."

"ಹೊರಗೇನೂ ಕಾಣಂಗಿಲ್ಲಲ್ಲ?"

"ಕಾಣಂಗಿಲ್ರಿ. ಅದೇ ತ್ರಾಸು."

ನಮ್ಮ ಮೇಲ್ವಿಚಾರಕಿ ಒಪ್ಪಿದರು. ಮೊಗ್ಗಿನ ತೀರಾ ತುದಿಗೆ ಕೆಲವೊಮ್ಮೆ ನಂಜು ಮುಟ್ಟಿರುವುದಿಲ್ಲ, ಪ್ರಯತ್ನ ಮಾಡು, ಆದರೆ ಆಸೆ ಬಹಳ ಇಟ್ಟುಕೊಳ್ಳಬೇಡ ಎಂದರು. ಪದರ ಪದರವಾಗಿ ಬಿಡಿಸಿ ಒಳಗಿನ ಮೊಗ್ಗು ತೆಗೆದು, ತುಂಡು ಮಾಡಿ ಬಾಟಲಿಗಳಲ್ಲಿ ಇಟ್ಟೆ. ಕೆಲವು ಬಾಟಲಿಗಳಲ್ಲಿ ಬಿಳಿ ಬೂಷ್ಟು ಎದ್ದಿತು. ಉಳಿದವು ಹಸಿರಾದವು.

ಅತ್ತೆ ಫೋನ್ ಮಾಡುತ್ತಿದ್ದರು. "ಹ್ಯಾಂಗದಾವ?"

"ಹಸಿರಾಗ್ಯಾವ್ರಿ."

ಅವರು ನಗುತ್ತಿದ್ದದ್ದು ಕೇಳಿಸುತ್ತಿತ್ತು. ನಂಜು ಪಕ್ಕದ ಹೊಲಗಳಿಗೆ ಹಬ್ಬಬಾರದೆಂದು ಬಾವಿಯ ಬದಿಯ ಗಿಡಗಳನ್ನೆಲ್ಲ ಕೀಳಿಸಿ ಸುಟ್ಟರು. ಹೇಗೂ ಬಾಟಲಿಯಲ್ಲಿ ಇವೆಯಲ್ಲ ಎಂಬ ಧೈರ್ಯ.

ಚಿಗುರನ್ನು ಪರೀಕ್ಷೆಗೆ ಕಳಿಸಿದೆವು. ಎಲ್ಲದರಲ್ಲೂ ನಂಜಿತ್ತು.

"ಇನ್ನೂ ಸಣ್ಣ ತುದಿ ತೆಗೆದು ನೋಡ್ಲೇನ್ರಿ ಮೇಡಂ?" ಎಂದು ಕೇಳಿದೆ. ತೆಗೆ ಎಂದರು. ಸೂಕ್ಷ್ಮದರ್ಶಕದ ಕೆಳಗೆ ಆ ಚಿಗುರುಗಳಿಂದ ಸಾಸಿವೆಗಿಂತ ಚಿಕ್ಕ ತುದಿಗಳನ್ನು ಉಸಿರು ಬಿಗಿಹಿಡಿದು ತೆಗೆದೆ. ಅವು ಕಂದು ಬಣ್ಣಕ್ಕೆ ತಿರುಗಿ ಸತ್ತವು. ಒಂದೂ ಉಳಿಯಲಿಲ್ಲ.

ನಂಜಿನ ಗಿಡ ಹೊರಗೆ ಹೋಗುವಂತಿಲ್ಲ. ಒಂದು ಗಿಡಹೇನು ಸಾಕು, ನಂಜನ್ನು ಊರಿನ ತೋಟಕ್ಕೆಲ್ಲ ಹೊತ್ತೊಯ್ಯುತ್ತದೆ. ಹಸಿರು ಬಾಟಲಿಗಳನ್ನು ನಾನೇ ಕ್ರಿಮಿ ಕೊಲ್ಲುವ ಉಗಿಯ ಯಂತ್ರದೊಳಗೆ ಜೋಡಿಸಿ ಬಾಗಿಲು ಬಿಗಿದೆ. ತೆಗೆದಾಗ ಎಲೆಗಳು ಬೇಯಿಸಿದ ಪಲ್ಯದ ಬಣ್ಣಕ್ಕೆ ತಿರುಗಿದ್ದವು.

ಫೋನಿನಲ್ಲಿ ಹೇಳಲಾಗಲಿಲ್ಲ. ಬೇರೆ ತಳಿಯ ಆರೋಗ್ಯವಂತ ಸಸಿಗಳನ್ನು ತೆಗೆದುಕೊಂಡು ಔರಾದಕ್ಕೆ ಹೋದೆ. ಅತ್ತೆ ಬಾವಿಯ ಬದಿಗೆ ಗುಂಡಿ ತೋಡಿಸಿ, ಗೊಬ್ಬರ ಹಾಕಿಸಿ ಕಾಯುತ್ತಿದ್ದರು.

"ಇವು ಅವಲ್ರಿ ಅತ್ತಿ," ಎಂದೆ. "ಅವನ್ನ ಕುದಿಸಿ ಹಾಕೀನ್ರಿ."

"ಹಸಿರದಾವ ಅಂದಿದ್ದಿ."

"ಹಸಿರೇ ಇದ್ವು."

"ಮತ್ಯಾಕ ಕುದಿಸಿದಿ?"

ಹೇಳಿದೆ. ನಂಜು, ಹೇನು, ಪರೀಕ್ಷೆ, ಎಲ್ಲ ಹೇಳಿದೆ. ಅತ್ತೆ ಕೇಳುತ್ತ ಕೂತಿದ್ದರು, ಸಿಟ್ಟು ಮಾಡಲಿಲ್ಲ. ಸಿಟ್ಟಾದರೂ ಮಾಡಲಿ ಅನ್ನಿಸಿತು. ನನ್ನ ಮಾತು ಮುಗಿದ ಮೇಲೆ ಒಂದು ಸಸಿಯ ಎಲೆ ಮುಟ್ಟಿ ನೋಡಿ, "ಚಲೋ ಅದಾವ. ಗುಂಡಿ ಹ್ಯಾಂಗೂ ತೋಡಿಸೀನಿ, ಹಚ್ಚೋಣ ನಡಿ," ಎಂದರು.

ಇಬ್ಬರೂ ಸೇರಿ ಹಚ್ಚಿದೆವು. ಮಣ್ಣು ಒತ್ತುವಾಗ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ನೀರು ತರುವ ನೆಪದಲ್ಲಿ ಎದ್ದು ಹೋದೆ.

ಈಗ ಗೊನೆಗಳು ದಷ್ಟಪುಷ್ಟವಾಗಿ ಬಂದಿವೆ. ಹಣ್ಣು ದೊಡ್ಡದು, ಬಹಳ ಸಿಹಿ, ಸಂತೆಯಲ್ಲಿ ಜಲ್ದಿ ಖರ್ಚಾಗುತ್ತದೆ ಎಂದು ಅತ್ತೆ ಫೋನಿನಲ್ಲಿ ಹೇಳುತ್ತಾರೆ. "ಹೌದೇನ್ರಿ ಅತ್ತಿ," ಅನ್ನುತ್ತೇನೆ. ಸಿಪ್ಪೆ ತೆಳುವೇನ್ರಿ ಎಂದು ಮಾತ್ರ ಕೇಳುವುದಿಲ್ಲ.